ಚಕ್ಕುಬಂದಿ

ಚೌಬಾರದ ಹಿಂದಿನ ಓಣಿ, ಝೆರಾಕ್ಸ್ ಅಂಗಡಿಯ ಕಟ್ಟೆ,
ಅಲ್ಲಿ ನನ್ನ ಮೇಜು. ಹಳೆಯ ಮೋಡಿ ಓದಿ ಹೇಳುತ್ತೇನೆ,
ಹಾಳೆಗೆ ನೂರು ರೂಪಾಯಿ.
ಬೀದರಿನಲ್ಲಿ ಈ ಅಕ್ಷರ ಬಲ್ಲವರು ಇಬ್ಬರಿದ್ದೆವು;
ಗೌಸುದ್ದೀನ್ ಸಾಹೇಬರು ಹೋದ ಮೇಲೆ ನಾನೊಬ್ಬನೇ
ತಪ್ಪು ಓದಿದರೂ ತಿದ್ದುವವರಿಲ್ಲ.

ಹನ್ನೊಂದರ ಬಸ್ಸಿಗೆ ಝರಣಮ್ಮ ಬಂದಳು, ಕಪ್ಪರವಾಡಿಯವಳು.
ರಸಗೊಬ್ಬರದ ಚೀಲದಲ್ಲಿ ಒಂದು ಕಾಗದ,
ಮಡಿಕೆ ಮಡಿಕೆಯಲ್ಲೂ ಒಣಗಿದ ಬೇವಿನೆಲೆ.
"ಹಗೇವಿನ ಗ್ವಾಡ್ಯಾಗ ಸಿಕ್ತರಿ. ನಮ್ಮ ಮುತ್ಯಾನ ಮುತ್ಯಾಂದು.
ಏನದ ಓದ್ರಿ, ಒಂದಕ್ಷರ ಬಿಡಬ್ಯಾಡ್ರಿ."

ಓದಿದೆ: ಮೌಜೆ ಕಪ್ಪರವಾಡಿ ಬೇಚಿರಾಗ್ ಆಗಿರುವುದರಿಂದ...
"ಹಂಗಂದ್ರ?"
ದೀಪ ಹಚ್ಚುವವರಿಲ್ಲದ ಊರು ಅಂತಮ್ಮ. ಖಾಲಿ ಊರು.
ಅವಳು ಏನೂ ಅನ್ನಲಿಲ್ಲ.
...ಆಗಿರುವುದರಿಂದ, ಇದರ ಜಮೀನನ್ನು ಆರು ಮಂದಿಗೆ
ಹಂಚಿ ಕೊಡುವುದಾಗಿದೆ.

ತೋಪಖಾನೆಯ ಗೋರಾ ಕಪ್ತಾನನ ವಿಧವೆಗೆ
ಇನ್ನೂರು ಬಿಘೆ, ಹೊಳೆಗೆ ಹತ್ತಿದ ಎರಿ.
ರೋಹಿಲಾ ಜಮಾದಾರನಿಗೆ ನೂರಾ ಇಪ್ಪತ್ತು.
ಕುದುರೆ ತಂದು ಮಾರಿದ ಬಸ್ರಾದವನಿಗೆ ಎಂಬತ್ತು.
ಕೋಮಟಿ ಸಾಹುಕಾರನಿಗೆ, ಬಡ್ಡಿಯ ಬದಲು, ತೊಂಬತ್ತು.
ಏಳು ವರ್ಷ ಪಟ್ಟಿ ಮಾಫಿ.
ಸುತ್ತ ಕಲ್ಲಿನ ಗೋಡೆ ಎಬ್ಬಿಸತಕ್ಕದ್ದು.
ಮನೆಗೊಂದು ಬಂದೂಕು ಇಡತಕ್ಕದ್ದು.
ಮೂಲದ ರೈತರಿಗೆ ಗೇಣಿಗೂ ಕೊಡತಕ್ಕದ್ದಲ್ಲ.

ಮತ್ತು ಇದೇ ಊರಿನ ಭೀಮ್ಯಾ, ಝರಣ್ಯಾನ ಮಗ,
ಗದ್ದಲದ ಕಾಲದಲ್ಲಿ ಸುಮ್ಮನಿದ್ದ ಕಾರಣ
ಅವನಿಗೆ ಗುಡ್ಡದ ಮುರ್ರಂ ಒಂಬತ್ತು ಬಿಘೆ,
ಅವನ ಆಯುಷ್ಯ ಇರುವತನಕ, ದುಪ್ಪಟ್ಟು ಪಟ್ಟಿಗೆ,
ದಯಪಾಲಿಸಲಾಗಿದೆ.

ನಕ್ಕಳು ಝರಣಮ್ಮ. ಎಲೆಅಡಿಕೆ ನೆತ್ತಿಗೇರುವಷ್ಟು ನಕ್ಕಳು.
"ಖಾಲಿ ಊರಾಗ ಸುಮ್ಮ ಕುಂತವ ಇದ್ನಂತ ಒಬ್ಬ!
ಅವನ ಹೊಲ ಅವನಿಗೇ ದಾನಾ ಕೊಟ್ಟಾರಂತ!"
ಝೆರಾಕ್ಸಿನ ಹುಡುಗನೂ ನಕ್ಕ.
ನಾನು ಕಾಗದ ಮಡಿಚತೊಡಗಿದೆ, ಸ್ವಲ್ಪ ಅವಸರದಲ್ಲೇ.

ಅವಳ ಎಡಗೈ ಇನ್ನೂ ಮಡಿಚಿರಲಿಲ್ಲ.
ಹೆಸರಿಗೊಂದು ಬೆರಳು ಮಡಚುತ್ತ ಬಂದವಳು
ಐದಕ್ಕೆ ಮುಷ್ಟಿ ಕಟ್ಟಿ ಕೂತಿದ್ದಳು.
"ಆರು ಅಂದ್ರಿ. ಐದೇ ಆತು."

ಇದ್ದದ್ದು ಇದು: ಐದನೆಯವ ಪೈಠಣದಿಂದ ಬಂದ ಬರಹಗಾರ,
ಈ ಸನದು ಬರೆದ ಕೈಗೆ ಕೂಲಿಯಾಗಿ ಅರವತ್ತು ಬಿಘೆ.
ಅವನ ಅಡ್ಡಹೆಸರು ನನ್ನ ಆಧಾರ್ ಕಾರ್ಡಿನಲ್ಲಿದೆ.
ಅವನು ಕಲಿಸಿದ ಮೋಡಿ ಐದು ತಲೆ ಇಳಿದು ಬಂದು
ಇವತ್ತು ಈ ಮೇಜಿನ ಮೇಲೆ ಅನ್ನ ಹುಟ್ಟಿಸುತ್ತದೆ.

ಹೇಳಿದೆ. ಹೇಳಿ, ಕೇಳದಿದ್ದರೂ ಸೇರಿಸಿದೆ:
ಆ ಹೊಲ ನಮ್ಮ ಕಾಕಾ ಯಾವಾಗೋ ಮಾರಿದ,
ಈಗ ನಮಗೂ ಅಲ್ಲಿ ಒಂದು ಗುಂಟೆ ಇಲ್ಲ.

"ಅದನ್ನ ಕೇಳಿಲ್ಲರಿ ನಾ," ಅಂದಳು.
"ನಿಮ್ಮ ಅರವತ್ತು ಬಿಘೆದ್ದು ಚಕ್ಕುಬಂದಿ ಬರದಿರಬೇಕಲ್ಲ.
ಅದನ್ನ ಓದ್ರಿ."

ಬರೆದಿತ್ತು. ಹಿಂಬದಿಗೆ, ಮಸಿ ತೆಳುವಾದಲ್ಲಿ.
ಪೂರ್ವಕ್ಕೆ ಝರಣ್ಯಾ ತೋಡಿದ ಬಾವಿ.
ದಕ್ಷಿಣಕ್ಕೆ ಚಂಪವ್ವನ ತೊಟ್ಟಿಲು ಕಟ್ಟುವ ಹುಣಸೆ.
ಪಶ್ಚಿಮಕ್ಕೆ ಭೀಮ್ಯಾನ ಎತ್ತುಗಳು ಹಾದು ಬಿದ್ದ ದಾರಿ.

ಅಳಿಸಲು ಕೂತ ಕೈಗೆ
ಗೆರೆ ಎಳೆಯಲು ಬೇರೆ ಗುರುತು ಸಿಕ್ಕಿರಲಿಲ್ಲ.

ಉತ್ತರಕ್ಕೆ... ಕನ್ನಡಕ ಒರೆಸಿಕೊಂಡೆ.
ಉತ್ತರಕ್ಕೆ, ಊರ ಹೆಂಗಸರು ಸಂಜೆಗೆ
ದೀಪ ಇಡುವ ಕಟ್ಟೆ.

ಝರಣಮ್ಮ ಸೆರಗಿನ ಗಂಟು ಬಿಚ್ಚಿ
ನೂರರ ನೋಟು ಮೇಜಿನ ಮೇಲಿಟ್ಟು, ಮೇಲೆ ಕೈ ಇಟ್ಟಳು.
"ಆ ಕಡೀದು," ಅಂದಳು,
"ಇನ್ನೊಮ್ಮೆ ಓದ್ರಿ. ಜೋರಾಗಿ."